ಆ ಹಲ್ಲು ಕಿತ್ತವರು ಯಾರು?

ಮಕ್ಕಳಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ಯೋಜನೆಯ ಕೌಂಟರಿನಲ್ಲಿ ಕೂತಿದ್ದ ಗುಮಾಸ್ತ ಫೈಲನ್ನು ಎರಡೇ ಬೆರಳಲ್ಲಿ ಹಿಡಿದು ಹೊರಗೆ ತಳ್ಳಿದ.

"ಆಗಲ್ಲ. ಕಿತ್ತ ಹಲ್ಲಿಗೆ ಯೋಜನೆಯಲ್ಲಿ ಅವಕಾಶ ಇಲ್ಲ. ಹುಟ್ಟಿನಿಂದ ಇಲ್ಲದ ಹಲ್ಲಿಗೆ ಮಾತ್ರ."

"ಇವಳಿಗೆ ಹುಟ್ಟಿನಿಂದಲೇ ಇಲ್ಲ ಕಣಪ್ಪ. ನಾನು ಈ ಕಾಲೇಜಿನವಳೇ, ಸುಳ್ಳು ಹೇಳ್ತೀನಾ?"

"ನೀವು ಹೇಳಲ್ಲ ಅಚ್ಚಕ್ಕ. ಆದ್ರೆ ಫೈಲು ಬೇರೆ ಹೇಳುತ್ತಲ್ಲ. ಇಲ್ಲಿ ನೋಡಿ. ಮೇಲ್ದವಡೆ, ಎಡಕ್ಕೊಂದು, ಬಲಕ್ಕೊಂದು. 'ಕಿತ್ತದ್ದು', 'ಕಿತ್ತದ್ದು'. ಮುಂದಿನವರು ಬನ್ನಿ."

ಅಚ್ಚಕ್ಕನ ಪಕ್ಕದಲ್ಲಿ ನಿಂತಿದ್ದ ಹುಡುಗಿ, ಅವಳ ತಂಗಿಯ ಮಗಳು, ಕೌಂಟರಿಗೆ ಗಲ್ಲ ಊರಿ ಕೇಳಿದಳು: "ನಾನು ಯಾವಾಗ ಕೀಳಿಸ್ಕೊಂಡೆ ದೊಡ್ಡಮ್ಮ? ನಿದ್ದೆಯಲ್ಲಾ?"

ಗುಮಾಸ್ತ ನಕ್ಕ. ಅಚ್ಚಕ್ಕ ನಗಲಿಲ್ಲ. ಹುಡುಗಿಗೆ ಇನ್ನು ಆರು ವಾರಕ್ಕೆ ಹದಿನಾಲ್ಕು ತುಂಬುತ್ತದೆ. ಹದಿನಾಲ್ಕು ತುಂಬಿದ ಮರುದಿನ ಯೋಜನೆಯ ಬಾಗಿಲು ಮುಚ್ಚುತ್ತದೆ. ಹಲ್ಲುಗಳನ್ನು ಸರಿಸಿ ಜಾಗ ಮಾಡುವುದು, ಆ ಜಾಗಕ್ಕೆ ಕಟ್ಟುಹಲ್ಲು ಕೂರಿಸುವುದು, ಬೆಳೆದಂತೆ ಅದನ್ನು ಬದಲಿಸುತ್ತ ಹೋಗುವುದು, ಇವೆಲ್ಲ ಯೋಜನೆಯೊಳಗಿದ್ದರೆ ಉಂಟು, ಹೊರಗಿದ್ದರೆ ಇಲ್ಲ. ಶಾಲೆಯ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದಿನವಿಡೀ ಕಾಲರ್ ಮಾತ್ರ ಹೊಲಿಯುವ ತಂಗಿಗೆ ಹೊರಗೆ ಮಾಡಿಸುವ ತಾಕತ್ತಿಲ್ಲ. ಹುಡುಗಿಗೆ ಶಾಲೆಯಲ್ಲಿ ಇಟ್ಟಿರುವ ಹೆಸರು ಗೇಟು. ಮುಂದಿನ ಜೋಡಿ ಹಲ್ಲಿನ ಎರಡೂ ಪಕ್ಕ ಖಾಲಿ, ಆಚೆಗೆ ಎರಡು ಕೋರೆಹಲ್ಲು ಗೇಟಿನ ಕಂಬಗಳಂತೆ. ಪಾಠ ಓದಲು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನಿಂದ 'ಗೇಟು ತೆಗೀರೋ' ಎಂದು ಕೂಗು. ಈ ವರ್ಷ ಅವಳು ಎದ್ದು ನಿಲ್ಲುವುದನ್ನೇ ಬಿಟ್ಟಿದ್ದಳು. ಗೊತ್ತಿದ್ದ ಉತ್ತರವನ್ನೂ ಪಕ್ಕದವಳ ಕಿವಿಯಲ್ಲಿ ಹೇಳಿ ಅವಳಿಂದ ಹೇಳಿಸುತ್ತಿದ್ದಳು.

ಹಲ್ಲಿನ ಕಾಲೇಜಿನ ನೆಲಮಾಳಿಗೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಬಾಯಿಗಳ ಅಚ್ಚು ಎರೆಯುತ್ತಿದ್ದ ಅವಳನ್ನು ಎಲ್ಲರೂ ಅಚ್ಚಕ್ಕ ಎಂದೇ ಕರೆಯುತ್ತಿದ್ದರು, ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಡಾಕ್ಟರುಗಳು ಮಕ್ಕಳ ಬಾಯಿಗೆ ಮೆತ್ತನೆಯ ಹಿಟ್ಟು ಒತ್ತಿ ತೆಗೆದ ಗುರುತು ಕೆಳಗೆ ಬರುತ್ತದೆ. ಅದಕ್ಕೆ ಪ್ಲಾಸ್ಟರ್ ಕಲಸಿ ಸುರಿದು, ಗುಳ್ಳೆ ಹೋಗುವ ತನಕ ನಡುಗುವ ಮೇಜಿನ ಮೇಲೆ ಹಿಡಿದು, ಗಟ್ಟಿಯಾದ ಮೇಲೆ ಬಿಡಿಸಿ, ನಂಬರ್ ಕೊರೆದು ಕಪಾಟಿನಲ್ಲಿಡುವುದು ಅವಳ ಕೆಲಸ. ಊರಿನ ಅರ್ಧ ಬಾಯಿ ನನ್ನ ಕಪಾಟಿನಲ್ಲಿದೆ, ಹುಷಾರಾಗಿ ಮಾತಾಡಿ ಎಂದು ಅವಳು ತಮಾಷೆ ಮಾಡುವುದಿತ್ತು.

ಆ ಮಧ್ಯಾಹ್ನ ತಮಾಷೆ ಬರಲಿಲ್ಲ. ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ ಅವಳ ಅಚ್ಚನ್ನೇ ಹುಡುಕಿದಳು. ಒಂಬತ್ತು ವರ್ಷದವಳಿದ್ದಾಗ ತೆಗೆದದ್ದು. ಸಿಕ್ಕಿತು. ದೀಪದ ಕೆಳಗೆ ಹಿಡಿದಳು. ಖಾಲಿ ಇದ್ದ ಎರಡೂ ಜಾಗದಲ್ಲಿ, ಬಿಳಿ ಪ್ಲಾಸ್ಟರಿನ ಮೇಲೆ, ಕೆಂಪು ಪೆನ್ಸಿಲ್ಲಿನ ಎರಡು ಅಡ್ಡಗೆರೆ. ಅಡ್ಡಗೆರೆ ಎಂದರೆ ಕಿತ್ತದ್ದು ಎಂದರ್ಥ. ಮೇಲಿನ ಗುಮಾಸ್ತರು ಫೈಲು ತುಂಬುವಾಗ ಬಾಯಿ ನೋಡುವುದಿಲ್ಲ, ಈ ಗೆರೆ ನೋಡುತ್ತಾರೆ.

ಗೆರೆಯ ಬಾಲ ಬಲಕ್ಕೆ ಸ್ವಲ್ಪ ಕೊಂಕಿತ್ತು. ಹಾಗೆ ಕೊಂಕಿಸುವ ಕೈ ಈ ಕಟ್ಟಡದಲ್ಲಿ ಒಂದೇ.

"ಯಾರು ಹಾಕಿದ್ದು ದೊಡ್ಡಮ್ಮ?"

"ನಾನೇ," ಎಂದಳು ಅಚ್ಚಕ್ಕ.

"ನನ್ನದು ಅಂತ ಗೊತ್ತಿತ್ತಾ?"

"ನಂಬರ್ ನೋಡ್ತೀವಿ ಮಗಳೇ. ಮುಖ ನೋಡಲ್ಲ."

ಹೇಳಿದ ಮೇಲೆ ಆ ಮಾತು ಅವಳ ಬಾಯಲ್ಲೇ ಕಹಿಯಾಯಿತು. ಅವಳ ಅಜ್ಜಿಗೆ ಆ ಹಲ್ಲಿರಲಿಲ್ಲ. ಅಮ್ಮನಿಗೆ ಇರಲಿಲ್ಲ. ತಂಗಿಗೂ ಇಲ್ಲ. ಅಚ್ಚಕ್ಕನಿಗೇ ಎಡಗಡೆ ಮಾತ್ರ ಬಂದಿತ್ತು, ಅದೂ ಅಕ್ಕಿಕಾಳಿನಷ್ಟು. ಅವರ ಮನೆಯಲ್ಲಿ ಆ ಹಲ್ಲು ತಲೆತಲಾಂತರದಿಂದ ಗೈರುಹಾಜರು. ಇದು ಗೊತ್ತಿದ್ದೂ ಅವಳ ಕೈ ನಿಯಮ ಪಾಲಿಸಿತ್ತು.

ನಿಯಮ ಸರಳ. ಮೇಲಂತಸ್ತಿನ ಹಣ ಕಟ್ಟುವ ವಿಭಾಗದಲ್ಲಿ ಪ್ರತಿ ಮಗುವಿಗೂ ಇಡೀ ಬಾಯಿಯ ಎಕ್ಸ್-ರೇ ಆಗುತ್ತದೆ. ಹಲ್ಲಿಲ್ಲದಿದ್ದರೆ ತಂದೆತಾಯಿಯನ್ನು ಕೂರಿಸಿ ಕೇಳುತ್ತಾರೆ, 'ಹುಟ್ಟಿನಿಂದ ಇಲ್ಲ' ಎಂದು ಬರೆಯುತ್ತಾರೆ. ಕೆಳಗಿನ ಉಚಿತ ವಿಭಾಗದಲ್ಲಿ ನೋವಿದ್ದರೆ ಮಾತ್ರ ಎಕ್ಸ್-ರೇ. ಹುಟ್ಟದ ಹಲ್ಲು ಹೇಗೆ ನೋಯಬೇಕು? ಆದ್ದರಿಂದ ಎಕ್ಸ್-ರೇ ಇಲ್ಲ. ಎಕ್ಸ್-ರೇ ಇಲ್ಲದ ಬಾಯಲ್ಲಿ ಖಾಲಿ ಜಾಗ ಕಂಡರೆ ಕೆಂಪು ಗೆರೆ ಹಾಕಿ ಎಂದು ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಬ್ಬ ಎಳೆ ಡಾಕ್ಟರು ಹೇಳಿದ್ದರು. ಅವರೀಗ ವಿಭಾಗದ ಮುಖ್ಯಸ್ಥರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ಅಚ್ಚಕ್ಕ ಯಾಕೆ ಸಾರ್ ಎಂದು ಕೇಳಿರಲಿಲ್ಲ. ಪೆನ್ಸಿಲ್ ಎಲ್ಲಿದೆ ಸಾರ್ ಎಂದು ಕೇಳಿದ್ದಳು.

ಮೂರು ದಿನ ಬಿಟ್ಟು ಕಿರಿಯ ಡಾಕ್ಟರು ಲ್ಯಾಪ್‌ಟಾಪ್ ಎತ್ತಿಕೊಂಡು ನೆಲಮಾಳಿಗೆಗೆ ಬಂದಳು. ಇನ್ನೂ ಓದು ಮುಗಿಯದ, ಮುಖ್ಯಸ್ಥರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ತರುಣಿ. ಸಭೆಯಲ್ಲಿ ತೋರಿಸಲು ಅವಳಿಗೆ ಚೆಂದದ ನಾಲ್ಕು ಅಚ್ಚು ಬೇಕಿತ್ತು.

ಅಚ್ಚಕ್ಕ ಪರದೆ ನೋಡಿದಳು. "ಏನಿದು ಡಾಕ್ಟ್ರಮ್ಮ, ಬೆಟ್ಟ ಹತ್ತೋ ಗೆರೆ?"

"ಹಲ್ಲಿನ ವಿಕಾರಗಳ ಬಗ್ಗೆ ನಲವತ್ತು ವರ್ಷದಲ್ಲಿ ಪ್ರಪಂಚದಲ್ಲಿ ಏನೇನು ಸಂಶೋಧನೆ ಆಗಿದೆ, ಯಾವುದು ಏರ್ತಿದೆ, ಯಾವುದು ಇಳೀತಿದೆ ಅಂತ. ವಂಶವಾಹಿ ಏರ್ತಿದೆ. ಕಂಪ್ಯೂಟರ್ ಕೈಲಿ ಎಕ್ಸ್-ರೇ ಓದಿಸೋದು ಇನ್ನೂ ಜೋರಾಗಿ ಏರ್ತಿದೆ. ನಿಮ್ಮ ಪ್ಲಾಸ್ಟರ್ ಅಚ್ಚು ಪಾಪ, ಇಳೀತಿದೆ."

"ನನ್ನ ಮಂಡಿನೂ ಇಳೀತಿದೆ ಬಿಡಿ. ಮಗೂನ ಕೂರಿಸಿ ಬಾಯಿ ತೆಗಿ ಅನ್ನೋದು, ಅವ್ವಂಗೂ ಹೀಗೇ ಇದೆಯಾ ಅಂತ ಕೇಳೋದು. ಅದು ಯಾವ ಗೆರೆ?"

ಕಿರಿಯ ಡಾಕ್ಟರು ಹುಡುಕಿದಳು. "ಅದಕ್ಕೆ ಗೆರೆ ಇಲ್ಲ."

ಇನ್ನೊಂದು ಚಿತ್ರ ತೆಗೆದಳು. ನಡುವೆ ಒಂದು ದೊಡ್ಡ ಚುಕ್ಕಿ, ಸುತ್ತ ಜೇಡನ ಬಲೆಯಂತೆ ಎಳೆಗಳು. ನಡುವಿನದು ಮುಖ್ಯಸ್ಥರ ಹಳೆಯ ಲೇಖನ. ಬಡಮಕ್ಕಳಲ್ಲಿ ಹುಟ್ಟಿನಿಂದ ಹಲ್ಲಿಲ್ಲದಿರುವುದು ತೀರಾ ವಿರಳ, ಅದು ಹೆಚ್ಚಾಗಿ ಅನುಕೂಲಸ್ಥರ ಮನೆಯ ದೋಷ ಎಂದು ಅದರ ತೀರ್ಮಾನ. ಅದನ್ನು ಆಧಾರವಾಗಿಟ್ಟು ನಲವತ್ತೊಂದು ಲೇಖನ ಬಂದಿವೆ.

"ಆ ನಲವತ್ತೊಂದು ಜನದಲ್ಲಿ ಯಾರಾದ್ರೂ ಇಲ್ಲಿಗೆ ಬಂದು ಒಂದು ಅಚ್ಚು ಮುಟ್ಟಿ ನೋಡಿದ್ರಾ?"

"ಅವರು ಲೇಖನ ನೋಡಿದಾರೆ."

"ಲೇಖನ ಬರೆದವರು?"

"ಪಟ್ಟಿ ನೋಡಿದಾರೆ."

"ಪಟ್ಟಿ ಬರೆದವರು ನನ್ನ ಗೆರೆ ನೋಡಿದಾರೆ." ಅಚ್ಚಕ್ಕ ಕೆಂಪು ಪೆನ್ಸಿಲನ್ನು ಮೇಜಿನ ಮೇಲೆ ಕುಕ್ಕಿದಳು. ಮೊನೆ ಮುರಿಯಿತು. "ನಾನು ಯಾರನ್ನ ನೋಡಿದೆ ಗೊತ್ತಾ? ಯಾರನ್ನೂ ಇಲ್ಲ. ನಿಮ್ಮ ಪ್ರಪಂಚದ ಸಂಶೋಧನೆಯೆಲ್ಲ ಈ ತುಂಡು ಪೆನ್ಸಿಲ್ ಮೇಲೆ ನಿಂತಿದೆ ಡಾಕ್ಟ್ರಮ್ಮ. ಬಡವರ ಬಾಯಲ್ಲಿ ಹಲ್ಲಿಲ್ಲ ಅಂದ್ರೆ ಅದು ಅವರದೇ ತಪ್ಪು. ಇದ್ದವರ ಬಾಯಲ್ಲಿ ಇಲ್ಲ ಅಂದ್ರೆ ಅದು ವಿಜ್ಞಾನ."

ಕಿರಿಯ ಡಾಕ್ಟರು ಅಚ್ಚು ತೆಗೆದುಕೊಳ್ಳದೆ ಮೆಟ್ಟಿಲು ಹತ್ತಿದಳು. ಅರ್ಧ ಹತ್ತಿ ನಿಂತಳು. "ಕಿತ್ತಿಲ್ಲ ಅಂತ ತೋರಿಸೋದು ಹೇಗೆ ಅಚ್ಚಕ್ಕ? ಈಗ ಎಕ್ಸ್-ರೇ ತೆಗೆದ್ರೂ ಇಲ್ಲ ಅನ್ನೋದು ಕಾಣುತ್ತೆ. ಯಾಕಿಲ್ಲ ಅನ್ನೋದು ಕಾಣಲ್ಲ."

ಆ ಪ್ರಶ್ನೆಯೇ ದಾರಿ ತೋರಿಸಿತು. ಯಾವ ಹಲ್ಲನ್ನಾದರೂ ಕಿತ್ತಿದ್ದರೆ ಕಿತ್ತವರೊಬ್ಬರು ಇರಬೇಕು. ಈ ಊರಿನ ಬಡಮಕ್ಕಳ ಹಲ್ಲು ಕೀಳುವುದು ಒಂದೇ ಕಡೆ, ಇದೇ ಕಟ್ಟಡದ ಏಳನೇ ಕೋಣೆಯಲ್ಲಿ. ಅಲ್ಲಿ ಹಾಲುಹಲ್ಲು ಕಿತ್ತರೂ ರಿಜಿಸ್ಟರಿನಲ್ಲಿ ಬರೆಯದೆ ಮಗುವನ್ನು ಕುರ್ಚಿಯಿಂದ ಇಳಿಸುವಂತಿಲ್ಲ. ಆ ರಿಜಿಸ್ಟರುಗಳನ್ನು ಕಾಯುತ್ತಿದ್ದ ನರ್ಸನ್ನು ಎಲ್ಲರೂ ಇಕ್ಕಳದ ಸಿಸ್ಟರ್ ಎನ್ನುತ್ತಿದ್ದರು.

"ಇಪ್ಪತ್ತೊಂಬತ್ತು ವರ್ಷದ್ದೂ ಬೇಕಾ? ತಲೆ ಕೆಟ್ಟಿದೆಯೇನೇ ನಿಂಗೆ?" ಎಂದಳು ಇಕ್ಕಳದ ಸಿಸ್ಟರ್.

"ಕೆಟ್ಟಿದ್ದು ಈಗ ಸರಿ ಆಗ್ತಿದೆ. ಕೊಡೆ."

ಹನ್ನೊಂದು ದಿನ ಊಟದ ಬಿಡುವಿನಲ್ಲಿ ಅಚ್ಚಕ್ಕ ಊಟ ಮಾಡಲಿಲ್ಲ. ಕಪಾಟಿನಿಂದ ಒಂದೊಂದೇ ಅಚ್ಚು ತೆಗೆದಳು. ಮುಂದಿನ ಜೋಡಿ ಹಲ್ಲಿನ ಪಕ್ಕ ಕೆಂಪು ಗೆರೆ ಇದ್ದವನ್ನು ಮಾತ್ರ ಬೇರೆ ಇಟ್ಟಳು. ಮುನ್ನೂರ ಹನ್ನೆರಡು. ಪ್ರತಿ ನಂಬರನ್ನೂ ರಿಜಿಸ್ಟರಿನಲ್ಲಿ ಹುಡುಕಿದಳು. ಹಲ್ಲು ಕಿತ್ತ ದಾಖಲೆ ಸಿಕ್ಕಿದ್ದು ಐವತ್ತೆಂಟು ಮಕ್ಕಳದ್ದು. ಉಳಿದವು ಇನ್ನೂರೈವತ್ನಾಲ್ಕು. ಅವುಗಳ ಮೇಲೆ ಹೆಬ್ಬೆರಳು ಆಡಿಸಿದಾಗ ಹೆಚ್ಚಿನವುಗಳಲ್ಲಿ ವಸಡು ಎರಡೂ ಕಡೆ ಒಂದೇ ಥರ ತೆಳ್ಳಗೆ, ನುಣ್ಣಗೆ, ಕಿತ್ತ ಜಾಗದಲ್ಲಿರುವ ತಗ್ಗುದಿಣ್ಣೆ ಇಲ್ಲ. ಬೆರಳಿಗೆ ಇದು ಮೊದಲೇ ಗೊತ್ತಿತ್ತು. ಬೆರಳನ್ನು ಕೇಳಿದವರಿರಲಿಲ್ಲ.

ಹನ್ನೆರಡನೆಯ ದಿನ ಮುಖ್ಯಸ್ಥರ ಸಭೆ. ದೊಡ್ಡ ಸಮ್ಮೇಳನಕ್ಕೆ ಮುಂಚೆ ಕಿರಿಯ ಡಾಕ್ಟರು ತನ್ನ ಚಿತ್ರಗಳನ್ನು ವಿಭಾಗದವರಿಗೆ ತೋರಿಸಬೇಕಿತ್ತು. ಅಚ್ಚಕ್ಕ ನಾಲ್ಕು ಅಚ್ಚಿನ ಬದಲು ದೊಡ್ಡ ಟ್ರೇ ತುಂಬ ಅಚ್ಚು ಹೊತ್ತು ತಂದಳು. ಎಲ್ಲವೂ ಕೆಂಪು ಗೆರೆಯವು.

"ಏನ್ರೀ ಇದು, ಸಂತೆ?" ಎಂದರು ಮುಖ್ಯಸ್ಥರು. ಕೆಟ್ಟ ಮನುಷ್ಯರಲ್ಲ. ಅಚ್ಚಕ್ಕನ ಅಮ್ಮ ಆಸ್ಪತ್ರೆಯಲ್ಲಿದ್ದಾಗ ರಜೆ ಕೊಟ್ಟವರು, ಬಾಗಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುವವರು.

"ಒಂದು ಪ್ರಶ್ನೆ ಇದೆ ಸಾರ್. ಈ ಹಲ್ಲು ಕಿತ್ತವರು ಯಾರು?"

"ಯಾವ ಹಲ್ಲು?"

"ಇನ್ನೂರೈವತ್ನಾಲ್ಕು ಮಕ್ಕಳದ್ದು. ಕಿತ್ತದ್ದು ಅಂತ ನಮ್ಮ ಪಟ್ಟಿಯಲ್ಲಿದೆ. ಏಳನೇ ಕೋಣೆ ರಿಜಿಸ್ಟರಲ್ಲಿ ಇಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿದರು. "ನೋಡಿ ಅಚ್ಚಕ್ಕ, ಈ ಜನ ಮನೆಯಲ್ಲೇ ಕಿತ್ತುಬಿಡ್ತಾರೆ. ಬಾಗಿಲಿಗೆ ದಾರ ಕಟ್ಟಿ. ನಿಮಗೆ ಗೊತ್ತಿಲ್ಲದ್ದಾ?"

"ಈ ಜನ ಅಂದ್ರೆ ನಾನೇ ಸಾರ್. ಅದಕ್ಕೇ ಗೊತ್ತು. ದಾರ ಕಟ್ಟಿ ಕೀಳೋದು ಅಲ್ಲಾಡೋ ಹಾಲುಹಲ್ಲು. ನೋವು ತಡೀದೆ ಕೀಳಿಸೋದು ಹುಳುಕು ದವಡೆಹಲ್ಲು. ಮುಂದಿನ ಗಟ್ಟಿ ಹಲ್ಲು ಯಾವ ತಾಯಿ ಕೀಳ್ತಾಳೆ? ಅದೂ ಇಷ್ಟೊಂದು ಮನೆಯಲ್ಲಿ, ಅದೇ ಹಲ್ಲು, ಎಡಕ್ಕೊಂದು ಬಲಕ್ಕೊಂದು? ಮಾತಾಡಿಕೊಂಡು ಕಿತ್ತರಾ? ಅಳತೆಪಟ್ಟಿ ಇಟ್ಕೊಂಡು ಕಿತ್ತರಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಸಂಶೋಧನೆಗೆ ಒಂದು ಕ್ರಮ ಇರುತ್ತೆ," ಎಂದರು ಮುಖ್ಯಸ್ಥರು. ದನಿ ಏರಲಿಲ್ಲ. "ಅನುಮಾನ ಇದ್ದದ್ದನ್ನ ಹೊರಗಿಡಬೇಕು. ಅದು ಎಚ್ಚರಿಕೆ."

"ಎಚ್ಚರಿಕೆ ಒಂದೇ ಮಹಡಿಗೆ ಯಾಕೆ ಸಾರ್?"

ಕಿರಿಯ ಡಾಕ್ಟರು ಪರದೆಯ ಪಕ್ಕ ನಿಂತೇ ಇದ್ದಳು. ಅವಳ ಕೈ ಒಂದು ಗುಂಡಿ ಒತ್ತಿತು. ಜೇಡನ ಬಲೆಯ ಚಿತ್ರ ಬಂತು. ನಡುವಿನ ಚುಕ್ಕಿ, ನಲವತ್ತೊಂದು ಎಳೆ. ಅದನ್ನು ಹಾಗೇ ಬಿಟ್ಟಳು. ಸಭೆ ಚಹಾಕ್ಕೂ ಕಾಯದೆ ಮುಗಿಯಿತು.

ಸಂಜೆ ನಾಲ್ಕಕ್ಕೆ ಮುಖ್ಯಸ್ಥರು ಅಚ್ಚಕ್ಕನನ್ನು ಕೋಣೆಗೆ ಕರೆಸಿದರು. ಕುರ್ಚಿ ತೋರಿಸಿದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

"ನಿಮ್ಮ ತಂಗಿ ಮಗಳ ವಿಷಯ ಗೊತ್ತಾಯ್ತು. ಮೊದಲೇ ನನ್ನ ಹತ್ರ ಬರಬಾರದಾ? ನೀವು ನಮ್ಮ ಮನೆಯವರಿದ್ದ ಹಾಗೆ. ಫೈಲು ತನ್ನಿ, ತಿದ್ದಿ ಸಹಿ ಮಾಡಿಕೊಡ್ತೀನಿ. ಆ ಮಿಕ್ಕ ಅಚ್ಚುಗಳನ್ನ ಮಾತ್ರ ಕಪಾಟಿಗೆ ಸೇರಿಸಿ. ಹಳೆಯ ಕಥೆ. ಕೆದಕಿ ಯಾರಿಗೆ ಏನು ಪ್ರಯೋಜನ?"

ಅಚ್ಚಕ್ಕ ಯೋಚಿಸ್ತೀನಿ ಸಾರ್ ಎಂದು ಹೊರಗೆ ಬಂದಳು. ಕಾರ್ಖಾನೆಯಿಂದ ನೇರವಾಗಿ ಬಂದಿದ್ದ ತಂಗಿ ಮೆಟ್ಟಿಲ ಬಳಿ ಕಾಯುತ್ತಿದ್ದಳು. ಸೀರೆಯ ತುಂಬ ನೂಲಿನ ಚೂರು. ಎಲ್ಲ ಕೇಳಿದ ಮೇಲೆ ಅಕ್ಕನ ರಟ್ಟೆ ಹಿಡಿದಳು.

"ಯೋಚಿಸೋದು ಏನಿದೆ ಅಕ್ಕ? ಇನ್ನು ನಾಲ್ಕು ವಾರ ಇದೆ ಅಷ್ಟೇ. ಹೋಗಿ ಸಹಿ ತಗೋ."

"ಉಳಿದ ಮಕ್ಕಳು?"

"ಉಳಿದವರ ದೊಡ್ಡಮ್ಮಂದಿರು ನೋಡ್ಕೋತಾರೆ."

"ಉಳಿದವರಿಗೆ ದೊಡ್ಡಮ್ಮ ಇಲ್ವಲ್ಲೇ, ಅದೇ ಕಷ್ಟ."

ತಂಗಿಯ ಕಣ್ಣು ತುಂಬಿತು. ಅದು ಕೋಪದ ನೀರು. "ನಿನ್ನೆ ಅವಳು ಏನಂದ್ಲು ಗೊತ್ತಾ? ಅಮ್ಮ, ನಾನು ಮೂಗಿಯಾಗಿದ್ರೆ ಒಳ್ಳೇದಿತ್ತು, ಆಗ ಯಾರೂ ಓದು ಅಂತಿರಲಿಲ್ಲ ಅಂದ್ಲು. ನಿನ್ನ ಕೈಯಿಂದ ಆದದ್ದು ಅಕ್ಕ. ನಿನ್ನ ಕೈಯಿಂದ್ಲೇ ಸರಿ ಮಾಡು. ನ್ಯಾಯ ಆಮೇಲೆ ಮಾಡ್ಕೋ."

ಅಚ್ಚಕ್ಕ ಮರುದಿನ ಬೆಳಿಗ್ಗೆ ಫೈಲು ಹಿಡಿದು ಹೋದಳು. ಮುಖ್ಯಸ್ಥರು 'ಕಿತ್ತದ್ದು' ಎಂಬುದನ್ನು ಹೊಡೆದು 'ಹುಟ್ಟಿನಿಂದ ಇಲ್ಲ' ಎಂದು ಬರೆದರು. ಯೋಜನೆಯ ನಮೂನೆ ತೆಗೆದರು. ಅದರಲ್ಲಿ 'ತಿದ್ದುಪಡಿಗೆ ಕಾರಣ' ಎಂಬ ಕಲಂ ಇತ್ತು. ಪೆನ್ನು ನಿಂತಿತು.

"ಸಿಬ್ಬಂದಿಯ ಸಂಬಂಧಿ ಅಂತ ಬರೆದ್ರೆ ಅವರು ಒಪ್ಪಲ್ಲ," ಎಂದರು ತಮ್ಮಷ್ಟಕ್ಕೆ.

"ಒಪ್ಪಲ್ಲ ಸಾರ್. ಏನಿದೆಯೋ ಅದನ್ನೇ ಬರೀರಿ."

ಕಾರಣ ಒಂದೇ ಇತ್ತು. ಅವರೂ ಅದನ್ನು ನಿನ್ನೆ ಸಭೆಯಲ್ಲೇ ಕೇಳಿದ್ದರು. ಬರೆದರು: ಹಲ್ಲು ಕೀಳುವ ರಿಜಿಸ್ಟರಿನಲ್ಲಿ ನಮೂದು ಇಲ್ಲ, ಎರಡೂ ಕಡೆ ಸಮನಾಗಿದೆ, ಆದ್ದರಿಂದ ಜನ್ಮಜಾತ ಎಂದು ಪರಿಗಣಿಸಿದೆ. ಕೆಳಗೆ ಸಹಿ, ಮೊಹರು.

"ಆಯ್ತಾ? ಇನ್ನು ಅಚ್ಚು ಕಪಾಟಿಗೆ."

"ಕಪಾಟಿಗೇ ಇಡ್ತೀನಿ ಸಾರ್," ಎಂದಳು ಅಚ್ಚಕ್ಕ.

ಇಟ್ಟಳು ಕೂಡ. ಆದರೆ ಇಡುವ ಮೊದಲು ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಸಣ್ಣ ಚೂರಿಯಿಂದ ಕೆಂಪು ಗೆರೆ ಹೆರೆದಳು. ಪ್ಲಾಸ್ಟರಿನ ಮೇಲಿನ ಪೆನ್ಸಿಲ್ ಒರೆಸಿದರೆ ಹೋಗುವುದಿಲ್ಲ, ಹೆರೆಯಬೇಕು. ಹೆರೆದ ಕಡೆ ಸಣ್ಣ ಗೀರು ಉಳಿಯುತ್ತದೆ. ಉಳಿಯಲಿ ಎಂದುಕೊಂಡಳು. ಇನ್ನೂರೈವತ್ನಾಲ್ಕರಲ್ಲಿ ಹದಿನಾಲ್ಕು ತುಂಬದವರು ಅರವತ್ತೊಂದು. ಒಬ್ಬಳ ಕೆಲಸ ಆಗಿತ್ತು. ಉಳಿದ ಅರವತ್ತು ಮನೆಗೆ ಕಾಗದ ಹೋಯಿತು. ವಿಳಾಸ ಬರೆದವಳು ಕಿರಿಯ ಡಾಕ್ಟರು, ಅಂಚೆಗೆ ಹಾಕಿದವಳು ಇಕ್ಕಳದ ಸಿಸ್ಟರ್. ಪ್ರತಿ ಕಾಗದದ ಜೊತೆ ಒಂದು ಖಾಲಿ ನಮೂನೆ, ಮತ್ತು ಮುಖ್ಯಸ್ಥರ ಸಹಿ, ಮೊಹರು ಇದ್ದ ಆ ಕಾರಣದ ಪ್ರತಿ. ಹುಡುಗಿಯ ಹೆಸರಿನ ಮೇಲೆ ಮಾತ್ರ ಪಟ್ಟಿ ಅಂಟಿಸಿತ್ತು. ಅವಳನ್ನೂ ಅವಳ ಅಮ್ಮನನ್ನೂ ಕೇಳಿಯೇ ಅದನ್ನು ಕಳಿಸಿದ್ದು. "ನನ್ನ ಹೆಸರು ಇದ್ರೂ ಪರವಾಗಿಲ್ಲ ದೊಡ್ಡಮ್ಮ. ಗೇಟು ಅಂತ ಮಾತ್ರ ಹಾಕಬೇಡ," ಎಂದಿದ್ದಳು ಹುಡುಗಿ.

ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ತಾಯಂದಿರ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಇಳಿದಿತ್ತು. ಕೆಲವರು ಮಗುವಿನ ಜೊತೆ ಅಜ್ಜಿಯನ್ನೂ ಕರೆತಂದಿದ್ದರು, ಸಾಕ್ಷಿಗೆ. ಅಜ್ಜಿಯರು ಕೇಳುವ ಮೊದಲೇ ಬಾಯಿ ತೆರೆದು ತೋರಿಸುತ್ತಿದ್ದರು. ಗುಮಾಸ್ತ ಕಾರಣದ ಕಲಂ ಓದಿದ, ಸಹಿ ನೋಡಿದ, ಮತ್ತೆ ಓದಿದ. "ಇದೇ ಕಾರಣಕ್ಕೆ ಹೋದ ವಾರ ಒಂದು ಪಾಸ್ ಮಾಡಿದೀನಿ. ಇದನ್ನ ಹೇಗೆ ಬೇಡ ಅನ್ನಲಿ?" ಎಂದು ಗೊಣಗುತ್ತ ಮೊಹರು ಒತ್ತಿದ.

ಹತ್ತೂವರೆಗೆ ಮುಖ್ಯಸ್ಥರೇ ನೆಲಮಾಳಿಗೆಗೆ ಇಳಿದು ಬಂದರು. ಮುಖ ಕೆಂಪಾಗಿತ್ತು. "ನಾನು ಸಹಿ ಹಾಕಿದ್ದು ಒಂದು ಮಗುವಿಗೆ."

"ಹೌದು ಸಾರ್. ಕಾರಣ ಎಲ್ಲರಿಗೂ ಹಾಕಿದ್ರಿ."

"ನಂಬಿಕೆದ್ರೋಹ ಇದು."

"ಇಪ್ಪತ್ತೊಂಬತ್ತು ವರ್ಷ ನಂಬಿದ್ದು ನಾನು ಸಾರ್."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ವಯಸ್ಸು ಇಪ್ಪತ್ತಾರಿರಬಹುದು.

"ಅಚ್ಚಕ್ಕ ಅಂದ್ರೆ ನೀವೇನಾ? ಪಕ್ಕದ ಮನೆಗೆ ಕಾಗದ ಬಂದಿತ್ತು. ನಾನು ಶಾಲೆಗೆ ಹೋಗ್ತಿದ್ದಾಗ ಇಲ್ಲೇ ಬಾಯಿಗೆ ಹಿಟ್ಟು ಒತ್ತಿದ್ರು." ತುಟಿ ಎತ್ತಿ ತೋರಿಸಿದಳು. ಎಡಕ್ಕೆ ಖಾಲಿ, ಬಲಕ್ಕೆ ಖಾಲಿ. "ಆವಾಗ್ಲೂ ಕಿತ್ತ ಹಲ್ಲು ಅಂತ ವಾಪಸ್ ಕಳಿಸಿದ್ರು. ನಾನೇ ಎಲ್ಲೋ ಬೀಳಿಸ್ಕೊಂಡೆ ಅಂತ ನಮ್ಮಪ್ಪ ಹೊಡೆದ. ನನಗೂ ಈಗ ಕೊಡ್ತಾರಾ?"

ಮುಖ್ಯಸ್ಥರು ಕಪಾಟಿನ ಕಡೆ ತಿರುಗಿದರು. ಅಚ್ಚಕ್ಕ ಆ ಹೆಂಗಸನ್ನೇ ನೋಡಿದಳು. ಈ ಸಲ ನಂಬರ್ ನೋಡಲಿಲ್ಲ.

"ಕೊಡಲ್ಲ ತಾಯಿ. ಹದಿನಾಲ್ಕು ದಾಟಿದೆ. ನಿನ್ನ ಹಾಗೆ ನೂರ ತೊಂಬತ್ಮೂರು ಜನ ಇದೀರಿ. ಕೂತ್ಕೋ."

ಸ್ಟೂಲು ಎಳೆದುಕೊಟ್ಟಳು. ಡ್ರಾಯರಿನಿಂದ ಉದ್ದನೆಯ ಹಾಳೆ ತೆಗೆದಳು. ಇಕ್ಕಳದ ಸಿಸ್ಟರ್ ಕೊಟ್ಟದ್ದು, ಏಳನೇ ಕೋಣೆಯ ರಿಜಿಸ್ಟರಿನದೇ ಖಾಲಿ ಹಾಳೆ. ನಂಬರ್, ವಯಸ್ಸು, ಯಾವ ಹಲ್ಲು ಎಂಬ ಕಲಂಗಳು. ಕೊನೆಯ ಕಲಂ 'ಕಿತ್ತವರು'. ಹಾಳೆಯ ಮೊದಲ ಸಾಲಿನಲ್ಲಿ ಆ ಹೆಂಗಸಿನ ವಿವರ ಬರೆದಳು. 'ಕಿತ್ತವರು' ಎಂಬ ಕಲಂನಲ್ಲಿ ತನ್ನ ಪೂರ್ತಿ ಹೆಸರು ಬರೆದಳು, ಸಂಬಳದ ಚೀಟಿಯಲ್ಲಿ ಇರುವ ಹಾಗೆ. ಅದರ ಕೆಳಗೆ ಇನ್ನೊಂದು ಹೆಸರಿಗಾಗುವಷ್ಟು ಜಾಗ ಬಿಟ್ಟು, ಹಾಳೆಯನ್ನು ಮುಖ್ಯಸ್ಥರ ಕಡೆಗೆ ತಿರುಗಿಸಿ, ಪೆನ್ನು ಅದರ ಮೇಲಿಟ್ಟಳು.